ಫುರಿಕುರಿಗೆ ಅರ್ಥ ಇದೆಯೋ ಇಲ್ಲವೋ: 25 ವರ್ಷದ ಜಗಳ ಮತ್ತೆ ಯಾಕೆ ಶುರುವಾಗಿದೆ?

ಒಂದು ವರ್ಷದೊಳಗೆ ಜಪಾನಿನಿಂದ ಮೂರು ಸುದ್ದಿ ಬಂದವು. 2024ರ ಜೂನ್ 7ರಂದು ಹೆಸರಾಂತ ಆನಿಮೆ (ಜಪಾನಿ ಆನಿಮೇಶನ್) ಸ್ಟುಡಿಯೊ ಗೈನಾಕ್ಸ್ ತಾನು ದಿವಾಳಿ ಅರ್ಜಿ ಹಾಕಿರುವುದನ್ನು ತಿಳಿಸಿತು. 2025ರ ಫೆಬ್ರುವರಿಯಲ್ಲಿ, 1989ರಿಂದ ಜೊತೆಗಿದ್ದ ‘ದಿ ಪಿಲೋಸ್’ ರಾಕ್ ಬ್ಯಾಂಡು ತಾನು ಚದುರಿದ್ದಾಗಿ ಪ್ರಕಟಿಸಿತು. ಅದೇ ವರ್ಷದ ಏಪ್ರಿಲ್‌ನಲ್ಲಿ, ದೈತ್ಯ ರೋಬಾಟುಗಳ ಯುದ್ಧದ ಹಳೆಯ ಕಥಾಮಾಲೆ ಗುಂಡಂಗೆ ಸೇರಿದ ‘ಗುಂಡಂ ಜೀಕ್ವಾಕ್ಸ್’ ಎಂಬ ಹೊಸ ಸರಣಿ ಟಿವಿಗೂ ಪ್ರೈಮ್ ವಿಡಿಯೊಗೂ ಬಂತು. ನಿರ್ದೇಶಕ ಕಜುಯಾ ತ್ಸುರುಮಾಕಿ. ಮುಖ್ಯ ಬರಹಗಾರ ಯೋಜಿ ಎನೊಕಿದೊ.

ಈ ಮೂರೂ ಸುದ್ದಿಗಳ ವರದಿಯಲ್ಲಿ ಒಂದು ಹೆಸರು ಮತ್ತೆ ಮತ್ತೆ ಬಂತು: ಎಫ್‌ಎಲ್‌ಸಿಎಲ್. ಜಪಾನಿಯಲ್ಲಿ ಫುರಿಕುರಿ, ಅಮೆರಿಕದವರ ಬಾಯಲ್ಲಿ ಫೂಲಿ ಕೂಲಿ. 2000ದಲ್ಲಿ ಶುರುವಾದ ಆರೇ ಕಂತಿನ ಆನಿಮೆ ಸರಣಿ ಇದು. ತಯಾರಿಸಿದ್ದು ಗೈನಾಕ್ಸ್ ಮತ್ತು ಪ್ರೊಡಕ್ಷನ್ ಐ.ಜಿ. ಹಾಡುಗಳು ಪಿಲೋಸ್‌ನವರದು. ನಿರ್ದೇಶಕ, ಬರಹಗಾರ ಇಬ್ಬರೂ ಈಗ ಗುಂಡಂ ಮಾಡಿದ ಅದೇ ಜೋಡಿ.

ಹೀಗಾಗಿ ಹೊಸ ಪ್ರೇಕ್ಷಕರು ಈ ಹಳೆಯ ಸರಣಿಯನ್ನು ಹುಡುಕಿಕೊಂಡು ಹೋದರು. ಹೋದವರಿಗೆ ಗೊಂದಲ. ಅದೇ ಹೆಸರಿನಲ್ಲಿ ಈಗ ಐದು ಸರಣಿಗಳಿವೆ. ಮೊದಲನೆಯದು ತಲೆಬುಡ ತಿಳಿಯದ ಹುಚ್ಚಾಟದಂತೆ ಕಾಣುತ್ತದೆ. ಒಂದು ಕಡೆಯವರು ‘ಪ್ರತಿ ಚಿತ್ರಕ್ಕೂ ಅರ್ಥ ಇದೆ’ ಅಂತಾರೆ. ಇನ್ನೊಂದು ಕಡೆಯವರು ‘ಏನೂ ಇಲ್ಲ, ಸುಮ್ನೆ ನೋಡಿ’ ಅಂತಾರೆ. ಯಾರ ಮಾತು ಸರಿ?

ಕಥೆ ಏನು?

ಮಾಬಾಸೆ ಎಂಬ ಸಣ್ಣ ಊರು. ನವೊಟಾ 12 ವರ್ಷದ ಹುಡುಗ. ಮನೆಯಲ್ಲಿ ಅಪ್ಪ, ಅಜ್ಜ, ಒಂದು ಬೇಕರಿ. ಅಣ್ಣ ಬೇಸ್‌ಬಾಲ್ ಆಡಲು ಅಮೆರಿಕಕ್ಕೆ ಹೋಗಿದ್ದಾನೆ. ಊರಿನ ಗುಡ್ಡದ ಮೇಲೆ ಇಸ್ತ್ರಿ ಪೆಟ್ಟಿಗೆಯ ಆಕಾರದ ದೊಡ್ಡ ಕಾರ್ಖಾನೆ ಕೂತಿದೆ. ಹೆಸರು ಮೆಡಿಕಲ್ ಮೆಕ್ಯಾನಿಕಾ. ಅದು ಆಗಾಗ ಊರಿನ ಮೇಲೆ ಹೊಗೆ ಬಿಡುತ್ತದೆ. ‘ಇಲ್ಲಿ ವಿಶೇಷವಾದದ್ದು ಏನೂ ನಡೆಯಲ್ಲ’ ಎಂಬ ಧಾಟಿಯಲ್ಲಿ ಹುಡುಗ ಕಥೆ ಶುರು ಮಾಡುತ್ತಾನೆ.

ಆಮೇಲೆ ಹರುಕೊ ಎಂಬ ಯುವತಿ ಬರುತ್ತಾಳೆ. ಹಳದಿ ವೆಸ್ಪಾ ಸ್ಕೂಟರಿನಲ್ಲಿ ಬಂದು ಹುಡುಗನಿಗೆ ಗುದ್ದುತ್ತಾಳೆ. ಸಾಲದ್ದಕ್ಕೆ ಬೇಸ್ ಗಿಟಾರಿನಿಂದ ತಲೆಗೆ ಬಾರಿಸುತ್ತಾಳೆ. ಹುಡುಗನ ಹಣೆಯಲ್ಲಿ ಕೊಂಬು ಮೂಡುತ್ತದೆ. ಅದರೊಳಗಿಂದ ರೋಬಾಟು ಹೊರಬೀಳುತ್ತದೆ. ಟಿವಿ ಪೆಟ್ಟಿಗೆಯಂಥ ತಲೆಯ ಕಾಂಟಿ ಎಂಬ ಆ ರೋಬಾಟು ಕೊನೆಗೆ ಅವರ ಮನೆಯಲ್ಲೇ ಕೆಲಸ ಮಾಡಿಕೊಂಡು ಇರುತ್ತದೆ. ಹರುಕೊ ಕೂಡ ಅಲ್ಲೇ ಬಿಡಾರ ಹೂಡುತ್ತಾಳೆ.

ವಿಚಿತ್ರಗಳನ್ನೆಲ್ಲ ಒಂದು ಬದಿಗಿಟ್ಟು ನೋಡಿ. ಅಣ್ಣ ಬಿಟ್ಟುಹೋದ ಜಾಗದಲ್ಲಿ ನಿಂತಿರುವ ಒಬ್ಬ ತಮ್ಮ ಸಿಗುತ್ತಾನೆ. ದೊಡ್ಡವನಂತೆ ಮುಖ ಗಂಟಿಕ್ಕಿಕೊಂಡು ಓಡಾಡುತ್ತಾನೆ. ಹುಳಿ ಪಾನೀಯ ಅವನಿಗೆ ಸೇರದು, ಖಾರ ಸೇರದು. ಆದರೂ ಸುತ್ತಲಿನ ದೊಡ್ಡವರೆಲ್ಲ ಮಕ್ಕಳಾಟ ಆಡುತ್ತಿದ್ದಾರೆ, ತಾನೊಬ್ಬನೇ ಗಂಭೀರ ಎಂದುಕೊಂಡಿದ್ದಾನೆ. ಈ ಹುಡುಗನನ್ನು ನಾವು ಯಾವ ಊರಲ್ಲಾದರೂ ನೋಡಿರುತ್ತೇವೆ, ಅಲ್ವಾ?

ಒಗಟು ಬಿಡಿಸುವ ಅಭ್ಯಾಸ ಎಲ್ಲಿಂದ ಬಂತು

ಜಗಳದ ಬೇರು ಈ ಸರಣಿಗಿಂತ ಹಳೆಯದು. 1995-96ರಲ್ಲಿ ಗೈನಾಕ್ಸ್ ‘ಇವಾಂಗೆಲಿಯನ್’ ಎಂಬ ಟಿವಿ ಸರಣಿ ಮಾಡಿತು. ಹಿದೆಯಾಕಿ ಅನ್ನೊ ನಿರ್ದೇಶಿಸಿದ ಅದರಲ್ಲಿ ತ್ಸುರುಮಾಕಿ ಸಹಾಯಕ ನಿರ್ದೇಶಕರಾಗಿದ್ದರು. ಶಿಲುಬೆ, ದೇವದೂತರು, ಗುಪ್ತ ಕಡತಗಳು ತುಂಬಿದ ಕಥೆ ಅದು. ಕೊನೆಯ ಎರಡು ಕಂತುಗಳು ಕಥೆಯನ್ನು ಬಿಟ್ಟು ನಾಯಕನ ಮನಸ್ಸಿನೊಳಗೆ ಇಳಿದವು. ಪ್ರೇಕ್ಷಕರು ಸಿಟ್ಟಾದರು, ಜೊತೆಗೆ ಹುಚ್ಚೆದ್ದು ಹುಡುಕತೊಡಗಿದರು. ಅದರ ‘ರಹಸ್ಯ’ ಬಿಡಿಸುವ ಪುಸ್ತಕಗಳು ಜಪಾನಿನ ಅಂಗಡಿಗಳಲ್ಲಿ ಸಾಲುಗಟ್ಟಿದವು. ಆನಿಮೆ ಎಂದರೆ ಬೀಗ ಹಾಕಿದ ಪೆಟ್ಟಿಗೆ, ನೋಡುಗನ ಕೆಲಸ ಕೀಲಿಕೈ ಹುಡುಕುವುದು ಎಂಬ ರೂಢಿ ಬೆಳೆಯಿತು.

ಅದೇ ಸ್ಟುಡಿಯೊದಿಂದ, ಅದೇ ತಂಡದವರಿಂದ ಫುರಿಕುರಿ ಬಂದಾಗ ಜನ ಅದೇ ಕೀಲಿಕೈ ಗೊಂಚಲು ಹಿಡಿದು ಬಂದದ್ದು ಸಹಜ.

ಬಿಡುಗಡೆಯ ರೀತಿಯೂ ಈ ಚಾಳಿಗೆ ಇಂಬು ಕೊಟ್ಟಿತು. ಇದು ವಾರವಾರ ಟಿವಿಯಲ್ಲಿ ಬಂದದ್ದಲ್ಲ. ನೇರವಾಗಿ ಮನೆ ವಿಡಿಯೊ ಮಾರಾಟಕ್ಕೆ ಮಾಡಿದ್ದು. 2000ದ ಏಪ್ರಿಲ್‌ನಿಂದ 2001ರ ಮಾರ್ಚ್‌ವರೆಗೆ ಆರು ಕಂತು, ಅಂದರೆ ಸರಾಸರಿ ಎರಡು ತಿಂಗಳಿಗೊಂದು. ಒಂದು ಕಂತು ಮುಗಿದ ಮೇಲೆ ಅಷ್ಟು ದಿನ ಅದನ್ನೇ ಹಿಂದೆ ಮುಂದೆ ತಿರುಗಿಸಿ ನೋಡಬಹುದಿತ್ತು. ದೃಶ್ಯವನ್ನು ನಿಲ್ಲಿಸಿ, ಚಿತ್ರದ ಮೂಲೆಮೂಲೆ ಹುಡುಕಬಹುದಿತ್ತು. ಕೈಯಲ್ಲಿ ಸಮಯ, ತಲೆಯಲ್ಲಿ ಅನುಮಾನ. ವ್ಯಾಖ್ಯಾನ ಹುಟ್ಟಲು ಇನ್ನೇನು ಬೇಕು?

ಕೊಂಬು, ಇಸ್ತ್ರಿ ಪೆಟ್ಟಿಗೆ, ಬ್ಯಾಟು

ಅರ್ಥ ಇದೆ ಅನ್ನುವವರ ಬಳಿ ಬಲವಾದ ಸಾಮಗ್ರಿ ಇದೆ. ಅದನ್ನು ತಾಳ್ಮೆಯಿಂದ ನೋಡಬೇಕು.

ಮೊದಲು ಕೊಂಬು. ಹಣೆಯಲ್ಲಿ ಏನೋ ಮೂಡಿದಾಗ ನವೊಟಾ ಪಟ್ಟಿ ಅಂಟಿಸಿ ಮುಚ್ಚಿಕೊಳ್ಳುತ್ತಾನೆ. ಯಾರಿಗೂ ಕಾಣಬಾರದು. ಅದು ಅವನ ಮಾತು ಕೇಳುವುದಿಲ್ಲ. ಮನಸ್ಸು ಕಲಕಿದ ಹೊತ್ತಿನಲ್ಲೇ ಹೊರಬರುತ್ತದೆ. ಮೀಸೆ ಚಿಗುರುವ ವಯಸ್ಸಿನಲ್ಲಿ ಮೈ ಬದಲಾಗುವಾಗಿನ ನಾಚಿಕೆ ಇದು ಎಂದು ಹೆಚ್ಚಿನವರು ಓದುತ್ತಾರೆ. ಈ ಓದಿಗೆ ಎದುರು ಹೇಳುವುದು ಕಷ್ಟ. ಕಥೆ ಇದಕ್ಕೆ ತನ್ನದೇ ವಿಜ್ಞಾನವನ್ನೂ ಕೊಡುತ್ತದೆ. ಎಡ, ಬಲ ಮೆದುಳಿನ ಯೋಚನೆಗಳ ನಡುವೆ ತೆರೆಯುವ ‘ಎನ್.ಓ. ಚಾನೆಲ್’ ಮೂಲಕ ದೂರದ ಲೋಕದ ವಸ್ತುಗಳು ಹೊರಬರುತ್ತವಂತೆ. ಆ ಎರಡು ಅಕ್ಷರ ಕೂಡಿಸಿದರೆ ‘ನೋ’. ಜಪಾನಿಯಲ್ಲಿ ಮೆದುಳಿಗೂ ‘ನೋ’ ಅಂತಲೇ ಹೇಳುತ್ತಾರೆ. ಅಭಿಮಾನಿಗಳಿಗೆ ಇಂಥ ಎಳೆ ಸಿಕ್ಕರೆ ಬಿಡುತ್ತಾರೆಯೇ?

ಇಸ್ತ್ರಿ ಪೆಟ್ಟಿಗೆಯ ವಿಷಯದಲ್ಲಿ ಊಹೆ ಅಷ್ಟು ಬೇಕಾಗಿಲ್ಲ. ಸರಣಿಯ ಪಾತ್ರಗಳೇ ಬಾಯಿಬಿಟ್ಟು ಹೇಳುತ್ತವೆ: ಅದು ಮೆದುಳಿನ ಸುಕ್ಕುಗಳನ್ನು ಉಜ್ಜಿ ಸಪಾಟು ಮಾಡುವ ಯಂತ್ರ. ಸುಕ್ಕು ಹೋದರೆ ಯೋಚನೆಯೂ ಹೋಯಿತು. ಇದನ್ನು ಕೆಲವರು ಎಲ್ಲರನ್ನೂ ಒಂದೇ ಅಚ್ಚಿಗೆ ಹಾಕುವ ಶಾಲೆ ಎಂದು ಓದುತ್ತಾರೆ. ಕೆಲವರು ಸಣ್ಣ ಊರನ್ನು ನುಂಗುವ ಕಂಪನಿ ಎನ್ನುತ್ತಾರೆ. ಊರವರು ಆ ಕಾರ್ಖಾನೆಯ ನೆರಳಲ್ಲೇ ಬದುಕುತ್ತಾ, ಅದರ ಬಗ್ಗೆ ಕೇಳುವುದನ್ನೇ ನಿಲ್ಲಿಸಿದ್ದಾರೆ. ಎರಡೂ ಓದುಗಳು ಅಲ್ಲಿ ಹಿಡಿಸುತ್ತವೆ.

ನನ್ನ ಪ್ರಕಾರ ಎಲ್ಲಕ್ಕಿಂತ ಚೆಂದದ ಎಳೆ ಬ್ಯಾಟಿನದು. ನವೊಟಾ ಎಲ್ಲಿ ಹೋದರೂ ಬ್ಯಾಟು ಹಿಡಿದೇ ಹೋಗುತ್ತಾನೆ. ಆದರೆ ಆಟದಲ್ಲಿ ಅದನ್ನು ಬೀಸುವುದಿಲ್ಲ. ಚೆಂಡು ಎದುರಿಗೆ ಬಂದಾಗ ಸುಮ್ಮನೆ ನಿಲ್ಲುತ್ತಾನೆ. ಬೀಸಿದರೆ ತಪ್ಪಬಹುದು, ತಪ್ಪಿದರೆ ಅಣ್ಣನಂತಲ್ಲ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ನಾಲ್ಕನೆಯ ಕಂತಿನಲ್ಲಿ ಆಕಾಶದ ಉಪಗ್ರಹದಿಂದ ಊರಿನ ಮೇಲೆ ಬಾಂಬು ಬೀಳುತ್ತಿರುವಾಗ ಅವನು ಕೊನೆಗೂ ಬೀಸುತ್ತಾನೆ, ಕೈಯಲ್ಲಿರುವುದು ಗಿಟಾರು. ಉಪಗ್ರಹ, ಬಾಂಬು ಎಲ್ಲ ಅಸಂಬದ್ಧ ಅನ್ನಿಸಬಹುದು. ಆದರೆ ಆ ಹುಡುಗನಿಗೆ ಒಂದು ಚೆಂಡು ಹೊಡೆಯುವುದು ಅಷ್ಟೇ ಭಯದ ವಿಷಯವಾಗಿತ್ತು. ಭಯದ ಅಳತೆಗೆ ತಕ್ಕಂತೆ ಚಿತ್ರ ದೊಡ್ಡದಾಗಿದೆ.

ಮೂರನೆಯ ಕಂತನ್ನೂ ಹೀಗೇ ನೋಡಬಹುದು. ನವೊಟಾನ ಸಹಪಾಠಿ ನಿನಮೊರಿ ಮೇಯರ್ ಮಗಳು, ತರಗತಿಯ ಲೀಡರ್. ಅಪ್ಪನ ಹಗರಣ ಬಯಲಾಗಿದೆ, ಅಪ್ಪ ಅಮ್ಮ ಬೇರೆಯಾಗುವ ಹಂತದಲ್ಲಿದ್ದಾರೆ. ಅವಳು ಮಾತ್ರ ಏನೂ ಆಗಿಲ್ಲ ಎಂಬಂತೆ ನಗುತ್ತಾ ಶಾಲೆಯ ನಾಟಕದ ತಯಾರಿ ನಡೆಸುತ್ತಾಳೆ. ನಾಟಕ, ಬೂಟು ತೊಟ್ಟ ಬೆಕ್ಕಿನ ಹಳೆಯ ಕಥೆ. ಅಲ್ಲಿ ಸುಳ್ಳು ಹೇಳಿ ಹೇಳಿಯೇ ಬಡ ಹುಡುಗ ದೊಡ್ಡ ಮನುಷ್ಯನಾಗುತ್ತಾನೆ. ನವೊಟಾನ ತಲೆಯ ಕಾಯಿಲೆ ಅವಳ ತಲೆಗೂ ದಾಟುತ್ತದೆ. ಅದುಮಿಟ್ಟದ್ದು ಯಂತ್ರವಾಗಿ ಹೊರಬಂದು ಶಾಲೆಯಲ್ಲೇ ರಂಪ ಮಾಡುತ್ತದೆ. ಈ ಕಂತಿಗೆ ವ್ಯಾಖ್ಯಾನದ ಪುಸ್ತಕ ಬೇಕೇ? ಮನೆಯ ಗಲಾಟೆ ಮುಚ್ಚಿಟ್ಟು ಶಾಲೆಗೆ ಹೋದ ಯಾವ ಮಗುವಿಗೂ ಬೇಡ.

‘ಸುಮ್ನೆ ನೋಡಿ’ ಅನ್ನುವವರ ವಾದ

ಇವರ ವಾದವನ್ನು ಸೋಮಾರಿತನ ಎಂದು ತಳ್ಳಿಹಾಕುವಂತಿಲ್ಲ. ಇದನ್ನು ನೋಡುವಾಗ ಅರ್ಥ ಮಾಡಿಕೊಳ್ಳುವುದೇ ಮುಖ್ಯವಲ್ಲ ಎಂಬ ಧಾಟಿಯಲ್ಲಿ ತ್ಸುರುಮಾಕಿಯವರೇ ಸಂದರ್ಶನದಲ್ಲಿ ಮಾತಾಡಿದ್ದಾರೆ. ಸರಣಿಯ ಒಳಗೇ ಈ ಚರ್ಚೆ ನಡೆಯುತ್ತದೆ. ‘ಫುರಿಕುರಿ ಅಂದರೆ ಏನು?’ ಎಂಬ ಪ್ರಶ್ನೆ ಹಿಡಿದು ಮನೆಯವರೇ ಜಗ್ಗಾಡುತ್ತಾರೆ. ದೃಶ್ಯ ಇದ್ದಕ್ಕಿದ್ದಂತೆ ಕಾಮಿಕ್ಸ್ ಪುಟದಂತೆ ಬದಲಾಗುತ್ತದೆ, ಅಪ್ಪ ಹುಚ್ಚುಹುಚ್ಚಾಗಿ ಸಿದ್ಧಾಂತ ಕಟ್ಟುತ್ತಾನೆ. ಉತ್ತರ ಸಿಗುವುದಿಲ್ಲ. ರಹಸ್ಯ ಬಿಡಿಸುವ ಪುಸ್ತಕಗಳ ಕಾಲದಲ್ಲಿ ಬಂದ ಸರಣಿ ಆ ಚಟವನ್ನೇ ಕಥೆಯೊಳಗೆ ಎಳೆದುಕೊಂಡಿತು.

ನನಗೆ ಅನ್ನಿಸುವುದು ಇಷ್ಟು. ಕನ್ನಡದಲ್ಲಿ ‘ಅರ್ಥವಿಲ್ಲ’ ಬೇರೆ, ‘ಅರ್ಥವಾಗಲ್ಲ’ ಬೇರೆ. ಎರಡು ಗುಂಪಿನವರೂ ಇವನ್ನು ಕಲಸಿಬಿಟ್ಟಿದ್ದಾರೆ. ಸರಣಿಯಲ್ಲಿ ನಡೆಯುವುದು ನವೊಟಾನಿಗೇ ಅರ್ಥವಾಗುವುದಿಲ್ಲ. ಅಣ್ಣ ಯಾಕೆ ಹೋದ, ಹರುಕೊ ಯಾಕೆ ಬಂದಳು, ತನ್ನ ತಲೆಯಲ್ಲಿ ಏನಾಗುತ್ತಿದೆ, ಅವನಿಗೆ ಯಾವುದೂ ಗೊತ್ತಿಲ್ಲ. ನಾವು ಅವನ ಹೆಗಲ ಮೇಲೆ ಕೂತು ನೋಡುತ್ತಿದ್ದೇವೆ. ಆದ್ದರಿಂದ ನಮಗೂ ಗೊತ್ತಾಗುವುದಿಲ್ಲ. ಕಾರ್ಖಾನೆ, ಚಾನೆಲ್, ಆಟಮ್ಸ್ಕ್ ಎಂಬ ಬಾಹ್ಯಾಕಾಶದ ಕಡಲ್ಗಳ್ಳ, ಇವೆಲ್ಲ ಯಾವ ನಿಯಮದಂತೆ ನಡೆಯುತ್ತವೆ ಎಂಬುದು ಮಸುಕಾಗಿಯೇ ಉಳಿಯುತ್ತದೆ. ಯಾರಿಗೆ ಯಾಕೆ ನೋವಾಯಿತು ಎಂಬುದು ಮಾತ್ರ ಪ್ರತಿ ಕಂತಿನಲ್ಲೂ ಸ್ಪಷ್ಟ. ನಿಯಮ ಹುಡುಕಿ ಸುಸ್ತಾದವರು ‘ಅರ್ಥವಿಲ್ಲ’ ಅಂದರು. ನೋವು ಗುರುತಿಸಿದವರು ಎಲ್ಲ ಚಿತ್ರಕ್ಕೂ ಒಂದೊಂದು ಅರ್ಥ ಹಚ್ಚಲು ಹೊರಟರು.

ಅಮೆರಿಕದ ಮಧ್ಯರಾತ್ರಿ

ಫುರಿಕುರಿಯ ದೊಡ್ಡ ಅಭಿಮಾನಿ ಬಳಗ ಬೆಳೆದದ್ದು ಅಮೆರಿಕದಲ್ಲಿ. 2003ರ ಆಗಸ್ಟ್‌ನಲ್ಲಿ ಕಾರ್ಟೂನ್ ನೆಟ್‌ವರ್ಕ್‌ನ ತಡರಾತ್ರಿಯ ವಿಭಾಗ ಅಡಲ್ಟ್ ಸ್ವಿಮ್ ಇದನ್ನು ಇಂಗ್ಲಿಷ್ ಡಬ್ಬಿಂಗ್‌ನಲ್ಲಿ ಹಾಕಿತು, ಆಮೇಲೂ ಮತ್ತೆ ಮತ್ತೆ ಹಾಕಿತು. ಮನೆಯವರೆಲ್ಲ ಮಲಗಿದ ಮೇಲೆ ಟಿವಿ ನೋಡುವ ಹದಿಹರೆಯದವರೇ ಅದರ ಪ್ರೇಕ್ಷಕರು. ಆರು ಕಂತು, ಎಲ್ಲ ಸೇರಿ ಹೆಚ್ಚೆಂದರೆ ಎರಡೂವರೆ ಗಂಟೆ. ಜೊತೆಗೆ ಕಿವಿ ತುಂಬುವ ಗಿಟಾರು.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಜನ ಮರೆಯುತ್ತಾರೆ. ಫುರಿಕುರಿಯ ತುಂಬ ಜಪಾನಿ ಪದಗಳ ಆಟ ಇದೆ. ಜಪಾನೀಯರು ಉದ್ದದ ಹೆಸರುಗಳನ್ನು ತುಂಡು ಮಾಡಿ ಚಿಕ್ಕದಾಗಿಸುತ್ತಾರೆ. ಪರ್ಸನಲ್ ಕಂಪ್ಯೂಟರ್ ಅಲ್ಲಿ ‘ಪಸೊಕಾನ್’. ಕಂತುಗಳ ಹೆಸರುಗಳೂ ಇದೇ ಬಗೆಯವು: ‘ಮಾರು ರಬಾ’, ‘ಬುರಾ ಬುರೆ’. ಟಿವಿ ಕಾರ್ಯಕ್ರಮಗಳ ಅಣಕ, ಬೇರೆ ಆನಿಮೆಗಳ ನೆನಪು, ಬೇಸ್‌ಬಾಲ್ ಮಾತು ಎಲ್ಲ ಒಂದರ ಮೇಲೊಂದು ಬರುತ್ತವೆ. ಜಪಾನಿನ ನೋಡುಗನಿಗೆ ಇದು ವೇಗವಾದ ಹಾಸ್ಯ. ಅನುವಾದದಲ್ಲಿ ಹಾಸ್ಯ ಕಳಚಿತು, ವೇಗ ಉಳಿಯಿತು. ಹಾಗಾಗಿ ಅದು ಬರೀ ಕನಸಿನಂತೆ ಕಂಡಿತು. ಫುರಿಕುರಿ ‘ಅರ್ಥಾತೀತ’ ಎಂಬ ಖ್ಯಾತಿಗೆ ಒಂದು ಪಾಲು ಕಾರಣ ಈ ದಾಟುವಿಕೆಯೇ. ಪ್ರಾಸದ ಮೇಲೆ ನಿಂತ ಕನ್ನಡ ನಗೆನಾಟಕವೊಂದನ್ನು ಸಬ್‌ಟೈಟಲ್ ಓದಿ ನೋಡುವವರ ಪಾಡು ನೆನೆಸಿಕೊಂಡರೆ ಇದು ಬೇಗ ತಿಳಿಯುತ್ತದೆ.

ಇವತ್ತಿನ ಕಣ್ಣಿಗೆ ಕಸಿವಿಸಿ

ಹೊಸ ಪ್ರೇಕ್ಷಕರ ಪ್ರತಿಕ್ರಿಯೆಯಲ್ಲಿ ಹಿಂದೆ ಕಡಿಮೆ ಕೇಳಿದ ಒಂದು ದನಿ ಈಗ ಜೋರಾಗಿದೆ. ಮಾಮಿಮಿ ನವೊಟಾನ ಅಣ್ಣನ ಗೆಳತಿಯಾಗಿದ್ದವಳು. 17 ವರ್ಷ. ಉರಿಯುತ್ತಿದ್ದ ಶಾಲೆಯಿಂದ ಅಣ್ಣ ಅವಳನ್ನು ಕಾಪಾಡಿದ್ದ. ಈಗ ಅವನಿಲ್ಲದ ಕೊರತೆಯನ್ನು ತಮ್ಮನಿಗೆ ಅಂಟಿಕೊಂಡು ತುಂಬಿಕೊಳ್ಳುತ್ತಾಳೆ. ಹರುಕೊಗೆ ಬೇಕಿರುವುದು ಹುಡುಗನ ತಲೆಯೊಳಗಿನ ದಾರಿ, ಅದರ ಮೂಲಕ ಸಿಗುವ ಆಟಮ್ಸ್ಕ್‌ನ ಶಕ್ತಿ. 12 ವರ್ಷದ ಮಗುವಿನ ಜೊತೆ ದೊಡ್ಡವರು ಹೀಗೆ ನಡೆದುಕೊಳ್ಳುವುದನ್ನು ತಮಾಷೆಯ ಧಾಟಿಯಲ್ಲಿ ತೋರಿಸಬಹುದೇ ಎಂಬುದು ಆಕ್ಷೇಪ.

ಹಳೆಯ ಅಭಿಮಾನಿಗಳು ‘ತೋರಿಸುವುದು ಬೇರೆ, ಒಪ್ಪುವುದು ಬೇರೆ’ ಅಂತಾರೆ. ಆ ಮಾತಿಗೆ ಸರಣಿಯಲ್ಲಿ ಆಧಾರ ಇದೆ. ನವೊಟಾನನ್ನು ಎಲ್ಲರೂ ಬಳಸಿಕೊಳ್ಳುತ್ತಾರೆ, ಕಾಯಬೇಕಾದ ಅಪ್ಪನಿಗೆ ಪರಿವೆಯೇ ಇಲ್ಲ, ಸರ್ಕಾರದ ಅಧಿಕಾರಿ ಅಮರಾವೊ ಕೂಡ ಸಮುದ್ರದ ಪಾಚಿ ಹಾಳೆಯ ದಪ್ಪ ಹುಬ್ಬು ಅಂಟಿಸಿಕೊಂಡು ದೊಡ್ಡಸ್ತಿಕೆ ನಟಿಸುತ್ತಿದ್ದಾನೆ. ಆದರೂ ಆಕ್ಷೇಪ ಪೂರ್ತಿ ಕರಗುವುದಿಲ್ಲ. ಕೆಲವು ಕಡೆ ಕ್ಯಾಮೆರಾ ಹುಡುಗನ ಸಂಕಟಕ್ಕಿಂತ ತಮಾಷೆಯ ಕಡೆಗೇ ವಾಲುತ್ತದೆ. ಅಲ್ಲಿ ಸರಣಿ ಸೋತಿದೆ ಎಂದೇ ನಾನು ಹೇಳುತ್ತೇನೆ. ಮೆಚ್ಚಿನ ಕೃತಿ ಎಂಬ ಕಾರಣಕ್ಕೆ ಅದನ್ನು ಮುಚ್ಚಿಡಬೇಕಾಗಿಲ್ಲ.

ಮುಂದುವರಿದ ಕಥೆಗಳು ಯಾಕೆ ಜಗಳ ಹೆಚ್ಚಿಸಿದವು

2015ರಲ್ಲಿ ಗೈನಾಕ್ಸ್ ಫುರಿಕುರಿಯ ಹಕ್ಕುಗಳನ್ನು ಪ್ರೊಡಕ್ಷನ್ ಐ.ಜಿ.ಗೆ ಮಾರಿತು. ಮರುವರ್ಷವೇ ಐ.ಜಿ. ಮತ್ತು ಅಡಲ್ಟ್ ಸ್ವಿಮ್ ಕೂಡಿ 12 ಹೊಸ ಕಂತು ಮಾಡುವುದಾಗಿ ಘೋಷಿಸಿದವು. ಗಮನಿಸಿ, ಹೊಸ ಕಥೆಗೆ ಬೆನ್ನಾಗಿ ನಿಂತದ್ದು ಅಮೆರಿಕದ ಆ ಮಧ್ಯರಾತ್ರಿಯ ನೆನಪು. ತ್ಸುರುಮಾಕಿ ಮೇಲ್ವಿಚಾರಣೆಗೆ ಮಾತ್ರ ಇದ್ದರು. ಬರವಣಿಗೆ ಎನೊಕಿದೊ ಅವರದಲ್ಲ. ಪಿಲೋಸ್ ಮರಳಿ ಬಂದರು.

2018ರಲ್ಲಿ ‘ಪ್ರೊಗ್ರೆಸಿವ್’, ‘ಆಲ್ಟರ್ನೇಟಿವ್’ ಬಂದವು. ಅಮೆರಿಕದ ಟಿವಿ ಸರಣಿಯಾಗಿ ಹಾಕಿದ್ದು ಪ್ರೊಗ್ರೆಸಿವ್ ಮೊದಲು, ಜಪಾನಿನ ಚಿತ್ರಮಂದಿರಗಳಲ್ಲಿ ಆಲ್ಟರ್ನೇಟಿವ್ ಮೊದಲು. 2023ರಲ್ಲಿ ‘ಗ್ರಂಜ್’, ‘ಶೂಗೇಜ್’ ಬಂದವು, ತಲಾ ಮೂರು ಕಂತು. ಯಾವ ಕ್ರಮದಲ್ಲಿ ನೋಡಬೇಕು ಎಂಬ ಹೊಸಬರ ಗೊಂದಲ ಹುಟ್ಟಿದ್ದು ಇಲ್ಲಿ.

ಪ್ರೊಗ್ರೆಸಿವ್‌ನ ನಾಯಕಿ ಹಿದೊಮಿ ಸದಾ ಹೆಡ್‌ಫೋನ್ ಹಾಕಿಕೊಂಡಿರುವ ಹುಡುಗಿ. ಕೊಂಬು ಇದೆ, ಇಸ್ತ್ರಿ ಪೆಟ್ಟಿಗೆ ಇದೆ, ಗಿಟಾರ್ ಇದೆ, ರೋಬಾಟ್ ಇದೆ. ಹರುಕೊ ಎರಡು ಹೋಳಾಗಿ, ಇಬ್ಬರಾಗಿ ಬರುತ್ತಾಳೆ. ಹಳೆಯ ಅಭಿಮಾನಿಗಳಲ್ಲಿ ಅನೇಕರಿಗೆ ಇದು ರುಚಿಸಲಿಲ್ಲ. ಕಾರಣ ಹುಡುಕಿದರೆ ಹಳೆಯ ಜಗಳದ ಉತ್ತರವೂ ಸಿಗುತ್ತದೆ. ಮೊದಲ ಸರಣಿಯಲ್ಲಿ ಕೊಂಬು ಬಂದದ್ದು ಒಬ್ಬ ಹುಡುಗನ ನಾಚಿಕೆಯಿಂದ. ಇಲ್ಲಿ ಕೊಂಬು ಬಂದದ್ದು ಫುರಿಕುರಿ ಎಂದಮೇಲೆ ಕೊಂಬು ಇರಲೇಬೇಕು ಎಂಬ ಲೆಕ್ಕದಿಂದ. ಆಟಮ್ಸ್ಕ್ ಯಾರು, ಹರುಕೊಗೂ ಅವನಿಗೂ ಏನು ನಂಟು ಎಂಬುದನ್ನು ಮುಂದಕ್ಕೆ ತಂದು ವಿವರಿಸಲಾಯಿತು. ಅಭಿಮಾನಿಗಳು ವರ್ಷಗಟ್ಟಲೆ ಕೇಳಿದ್ದು ಅದನ್ನೇ. ಸಿಕ್ಕಾಗ ಅದು ಬೇಕಾಗಿರಲಿಲ್ಲ ಎಂದು ಗೊತ್ತಾಯಿತು.

ಆಲ್ಟರ್ನೇಟಿವ್‌ನ ಪಾಡು ಸ್ವಲ್ಪ ಬೇರೆ. ಅದರಲ್ಲಿ 17 ವರ್ಷದ ಕನಾ ಮತ್ತು ಮೂವರು ಗೆಳತಿಯರು. ಅವರಲ್ಲೊಬ್ಬಳಾದ ಪೆಟ್ಸ್‌ಳ ಮನೆಯವರು ಭೂಮಿ ಬಿಟ್ಟು ಮಂಗಳ ಗ್ರಹಕ್ಕೆ ಹೊರಡುತ್ತಾರೆ. ಶಾಲೆ ಮುಗಿದು ಗೆಳೆತನ ಚದುರುವ ಸಂಕಟ ಅಲ್ಲಿದೆ. ಗದ್ದಲ ಕಡಿಮೆ, ಹಳೆಯ ಗುರುತುಗಳೂ ಕಡಿಮೆ. ಇದನ್ನು ನಿಜಕ್ಕೂ ಪ್ರೀತಿಸುವವರ ಒಂದು ಗುಂಪು ಇದೆ. ಮೊದಲ ಫುರಿಕುರಿಯ ವಸ್ತುಗಳನ್ನು ಬಿಟ್ಟು ಅದರ ಸಂಕಟವನ್ನು ಹಿಡಿಯಲು ನೋಡಿದ್ದು ಇದೊಂದೇ ಎಂಬುದು ಅವರ ವಾದ. ನಾನೂ ಅವರ ಕಡೆಗೇ ವಾಲುತ್ತೇನೆ.

ಗ್ರಂಜ್ ಕಂಪ್ಯೂಟರ್ ಗ್ರಾಫಿಕ್ಸ್‌ನಲ್ಲಿ ಮಾಡಿದ್ದು, ಶೂಗೇಜ್ ಆಲ್ಟರ್ನೇಟಿವ್‌ನ ಹತ್ತು ವರ್ಷಗಳ ನಂತರದ ಕಥೆ. ಚರ್ಚೆಯನ್ನು ಇವು ಹೆಚ್ಚು ಮುಂದಕ್ಕೆ ಒಯ್ಯಲಿಲ್ಲ.

ಈಗ ಏನಾಗಬಹುದು

ಗೈನಾಕ್ಸ್ ಮುಳುಗಿದ್ದರಿಂದ ಫುರಿಕುರಿ ಮಾಯವಾಗುವುದಿಲ್ಲ. ಗೈನಾಕ್ಸ್ ಹೆಸರಿನ ಟ್ರೇಡ್‌ಮಾರ್ಕ್ ಹೋದದ್ದು ಅನ್ನೊ ಕಟ್ಟಿದ ಖಾರಾ ಸ್ಟುಡಿಯೊಗೆ. ಫುರಿಕುರಿ ಅದಕ್ಕೂ ಮೊದಲೇ ಐ.ಜಿ. ಕೈ ಸೇರಿತ್ತು. ಇದರ ಪರಿಣಾಮ ಎರಡು ಬಗೆಯದು. ಸರಣಿ ಕಾನೂನಿನ ಜಗಳಕ್ಕೆ ಸಿಕ್ಕಿ ಕೊಳೆಯುವ ಭಯ ಕಡಿಮೆ. ಆದರೆ ಮಾಡಿದವರು ಒಂದು ಕಡೆ, ಹಕ್ಕು ಇನ್ನೊಂದು ಕಡೆ ಇರುವುದರಿಂದ, ಅವರನ್ನು ಬಿಟ್ಟೂ ಇನ್ನಷ್ಟು ಫುರಿಕುರಿಗಳು ಬರಬಹುದು. ಪಿಲೋಸ್ ಚದುರಿರುವುದರಿಂದ ಮುಂದಿನದಕ್ಕೆ ಆ ದನಿ ಸಿಗುವುದು ಕಷ್ಟ. ಕೊಂಬು, ಗಿಟಾರುಗಳನ್ನು ಮತ್ತೆ ಬಿಡಿಸಬಹುದು. ಆ ಗಿಟಾರಿನ ಸದ್ದು ತರುವುದು ಹೇಗೆ?

ಇನ್ನೊಂದು ಕಡೆ ಮೂಲ ಜೋಡಿ ಬೇರೆ ಹೆಸರಿನಲ್ಲಿ ಅದೇ ಕೆಲಸ ಮುಂದುವರಿಸಿದೆ. ಹಳೆಯ ಗುಂಡಂ ಕಥೆಯ ಯುದ್ಧದಲ್ಲಿ ಸೋತವರು ಜೀಕ್ವಾಕ್ಸ್‌ನ ಕಥೆಯಲ್ಲಿ ಗೆದ್ದಿದ್ದಾರೆ. ಹೈಸ್ಕೂಲು ಹುಡುಗಿ ಮಾಚು ತನಗೆ ತಿಳಿಯದ ಆ ಇತಿಹಾಸದ ನಡುವೆ ಬಂದು ಬೀಳುತ್ತಾಳೆ. ಸರಣಿ ನಡೆದ 12 ವಾರವೂ ಪ್ರೇಕ್ಷಕರು ಯುದ್ಧದ ಗುಟ್ಟುಗಳನ್ನು ಹುಡುಕಿದರು. ಮಾಚುಗೆ ಏನು ಬೇಕು ಎಂದು ಕೇಳಿದವರು ಕಡಿಮೆ.

ಮೊದಲ ಸಲ ನೋಡುವವರು 2000ದ ಆರು ಕಂತುಗಳಿಂದಲೇ ಶುರು ಮಾಡುವುದು ಒಳ್ಳೆಯದು, ವಿವರಣೆಯ ವಿಡಿಯೊಗಳನ್ನು ಆಮೇಲೆ ನೋಡಬಹುದು. ಕೊನೆಯ ಕಂತಿನಲ್ಲಿ ನವೊಟಾ ಹರುಕೊಗೆ ತನ್ನ ಪ್ರೀತಿ ಹೇಳುತ್ತಾನೆ. ನೀನಿನ್ನೂ ಚಿಕ್ಕವನು ಎಂದು ಅವಳು ಹೊರಟುಹೋಗುತ್ತಾಳೆ, ಗಿಟಾರು ಅವನಲ್ಲೇ ಉಳಿಯುತ್ತದೆ. ಮಾಮಿಮಿ ಕ್ಯಾಮೆರಾ ಹಿಡಿದು ಊರು ಬಿಡುತ್ತಾಳೆ. ಹುಡುಗ ಮುಂದಿನ ಶಾಲೆಗೆ ಸೇರುತ್ತಾನೆ. ಗಿಟಾರನ್ನು ಹರುಕೊ ಮರೆತು ಹೋದಳೋ, ಬೇಕೆಂದೇ ಬಿಟ್ಟಳೋ ಎಂದು ಅಭಿಮಾನಿಗಳು ಇವತ್ತಿಗೂ ವಾದಿಸುತ್ತಾರೆ. ನವೊಟಾ ಅದನ್ನು ಎತ್ತಿಟ್ಟುಕೊಂಡಿದ್ದಾನೆ.